ಹತ್ತು ಮಿದುಳು, 131 ಕಲೆಗಳು

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯೆಂದರೆ ಗತಿಯಿಲ್ಲದ ಮುದುಕಿಯರು, ವಾಸಿಯಾಗದ ಕಾಯಿಲೆಯ ಬಡ ಹೆಂಗಸರು ಸಾವಿರಗಟ್ಟಲೆ ಬಂದು ಸೇರುತ್ತಿದ್ದ ಜಾಗ. ಒಳಗೆ ಬಂದವರಲ್ಲಿ ಬಹಳಷ್ಟು ಮಂದಿ ಅಲ್ಲೇ ಸಾಯುತ್ತಿದ್ದರು. ಅಲ್ಲಿನ ವೈದ್ಯ ಝಾನ್ ಮಾರ್ತಾನ್ ಶಾರ್ಕೋನ ವಿದ್ಯೆ ನಿಂತಿದ್ದುದೇ ಆ ಸಾವುಗಳ ಮೇಲೆ. ರೋಗಿ ಬದುಕಿದ್ದಾಗ ಅವಳ ಕೈನಡುಕ, ತೊದಲು, ಕಣ್ಣಾಲಿಯ ಅದುರಾಟ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು. ಸತ್ತ ಮೇಲೆ ಮಿದುಳನ್ನೂ ಬೆನ್ನುಹುರಿಯನ್ನೂ ಕೊಯ್ದು ನೋಡುವುದು. ಎರಡನ್ನೂ ತಾಳೆ ಹಾಕುವುದು. ಕೈ ನಡುಗುತ್ತಿದ್ದ ಒಬ್ಬಳನ್ನು ಆತ ತನ್ನ ಮನೆಗೆಲಸಕ್ಕೇ ಇಟ್ಟುಕೊಂಡಿದ್ದನಂತೆ. ಅವಳು ಒಡೆದುಹಾಕಿದ ಪಿಂಗಾಣಿ ತಟ್ಟೆಗಳ ಲೆಕ್ಕ ಸಹಿಸಿಕೊಂಡು, ಕೊನೆಗೆ ಅವಳ ಶವಪರೀಕ್ಷೆಯಲ್ಲಿ ತಾನು ಅಂದುಕೊಂಡಿದ್ದ ರೋಗವೇ ಬೇರೆ, ಇದ್ದ ರೋಗವೇ ಬೇರೆ ಎಂದು ಕಂಡುಕೊಂಡನಂತೆ. ನರವೈದ್ಯರು ಇವತ್ತಿಗೂ ಹೇಳಿಕೊಳ್ಳುವ ಕಥೆ ಇದು. 1868ರಲ್ಲಿ ಶಾರ್ಕೋ ಆ ಕಾಯಿಲೆಗೆ ಸ್ವತಂತ್ರ ಸ್ಥಾನ ಕೊಟ್ಟು ಪಾಠ ಮಾಡಿದ. ನರಮಂಡಲದಲ್ಲಿ ಅಲ್ಲೊಂದು ಇಲ್ಲೊಂದು ಗಟ್ಟಿಯಾದ ಬೂದು ಕಲೆಗಳು ಅದರ ಗುರುತು. ಇಂದು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತೇವೆ. ವೈದ್ಯರ ಬಾಯಲ್ಲಿ ಎಂಎಸ್.

ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಕವಚವಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಆ ಕವಚದ ಮೇಲೆ ಬಿದ್ದು ಅದನ್ನು ತಿನ್ನುವುದು ಎಂಎಸ್. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಒಂದು ದಿನ ಒಂದು ಕಣ್ಣು ಮಂಜಾಗುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎರಡು ವರ್ಷ ಏನೂ ಇಲ್ಲ. ಆಮೇಲೆ ಕಾಲು ಜೋಮು ಹಿಡಿಯುತ್ತದೆ, ಅದೂ ಹೋಗುತ್ತದೆ. ಹೀಗೆ ಬಂದು ಹೋಗುವ ಕಾಯಿಲೆಯನ್ನು ಹಿಡಿಯುವುದಾದರೂ ಹೇಗೆ? ಶಾರ್ಕೋ ಸತ್ತು ಎಂಬತ್ತು ವರ್ಷ ಕಳೆದರೂ ಉತ್ತರ ಅಷ್ಟೇನೂ ಬದಲಾಗಿರಲಿಲ್ಲ. ಬೆನ್ನಿನ ನೀರು ತೆಗೆದು ನೋಡುತ್ತಿದ್ದರು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಮೈ ಕಾದಾಗ ಕಣ್ಣು ಮತ್ತೆ ಮಂಜಾಗುತ್ತದೆಯೇ, ಕಾಲು ಸೋಲುತ್ತದೆಯೇ ಎಂದು ಪರೀಕ್ಷಿಸುವ ಪದ್ಧತಿ 1980ರ ದಶಕದವರೆಗೂ ಇತ್ತು. ಮಿದುಳಿನ ಚಿತ್ರ ಬೇಕೆಂದರೆ, 1919ರ ಹೊತ್ತಿಗೆ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ತೋರಿಸಿಕೊಟ್ಟ ದಾರಿಯೊಂದಿತ್ತು: ಮಿದುಳಿನ ಸುತ್ತಲ ನೀರನ್ನು ಹೊರತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ಹಿಡಿಯುವುದು. ತಲೆಸಿಡಿತ, ವಾಂತಿ ದಿನಗಟ್ಟಲೆ. ಅಷ್ಟೆಲ್ಲ ಮಾಡಿದರೂ ಕಾಣುತ್ತಿದ್ದುದು ಮಿದುಳಿನೊಳಗಿನ ಟೊಳ್ಳು ಮಾತ್ರ. ಎಂಎಸ್ ಇದೆಯೋ ಇಲ್ಲವೋ ಎಂಬುದಕ್ಕೆ ಕೊನೆಯ ಸಾಕ್ಷಿ ಶವಪರೀಕ್ಷೆಯೇ ಆಗಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಬಳಿಯ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿತು. ಯಂತ್ರ ಕಟ್ಟಿದ್ದು ಇಎಂಐ, ಅಂದರೆ ಬೀಟಲ್ಸ್ ಧ್ವನಿಮುದ್ರಿಕೆಗಳನ್ನು ಹೊರತಂದ ಕಂಪನಿಯೇ. ಬೀಟಲ್ಸ್ ಹಾಡಿನ ದುಡ್ಡಿನಿಂದಲೇ ಸಿಟಿ ಸ್ಕ್ಯಾನ್ ಹುಟ್ಟಿತು ಎಂಬ ಮಾತು ಕೇಳಲು ಸೊಗಸು, ಆದರೆ ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ ಹಾಕಿದ ಹಣವೂ ಅದರಲ್ಲಿ ದೊಡ್ಡದಿತ್ತು. ಗಡ್ಡೆ, ರಕ್ತಸ್ರಾವ ಸಿಟಿಗೆ ಸಲೀಸಾಗಿ ಸಿಗುತ್ತಿದ್ದವು. ಎಂಎಸ್ ಬಹುಮಟ್ಟಿಗೆ ಸಿಗುತ್ತಿರಲಿಲ್ಲ. ಎಕ್ಸ್‌ರೇ ಅಳೆಯುವುದು ಸಾಂದ್ರತೆಯನ್ನು. ಕವಚ ಕಳಚಿದ ಜಾಗಕ್ಕೂ ನೆಟ್ಟಗಿರುವ ಜಾಗಕ್ಕೂ ಸಾಂದ್ರತೆಯಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ.

ಸಿಟಿಯ ಆ ಮೊದಲ ಚಿತ್ರಕ್ಕೆ ಸುಮಾರು ಒಂದು ತಿಂಗಳ ಹಿಂದೆ, 1971ರ ಸೆಪ್ಟೆಂಬರ್ 2ರಂದು, ಅಮೆರಿಕದ ಪಿಟ್ಸ್‌ಬರ್ಗ್ ಸಮೀಪದ ಹೋಟೆಲೊಂದರಲ್ಲಿ ಹ್ಯಾಂಬರ್ಗರ್ ತಿನ್ನುತ್ತ ಕೂತಿದ್ದ ರಸಾಯನಶಾಸ್ತ್ರಜ್ಞ ಪಾಲ್ ಲಾಟರ್‌ಬರ್ ಅವರಿಗೆ ಒಂದು ಉಪಾಯ ಹೊಳೆದಿತ್ತು. ಜಲಜನಕದ ಪರಮಾಣುವಿನ ಬೀಜವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ರೇಡಿಯೋ ತರಂಗ ಹಾಯಿಸಿದರೆ ಅದು ತಿರುಗಿ ಉತ್ತರ ಕೊಡುತ್ತದೆ ಎಂಬುದು 1946ರಿಂದಲೇ ಗೊತ್ತಿತ್ತು. ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅದಕ್ಕಾಗಿ 1952ರಲ್ಲಿ ನೊಬೆಲ್ ಪಡೆದಿದ್ದರು. ಈ ವಿದ್ಯೆ ಅಷ್ಟು ಹೊತ್ತಿಗೆ ಬೆಂಗಳೂರಿಗೂ ಬಂದಿತ್ತು. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್, ನಿಂತ ದ್ರವದ ಬದಲು ಹರಿಯುವ ದ್ರವವನ್ನು ಕಾಂತದ ನಡುವೆ ಹಾಯಿಸಿ, ಹರಿವಿನ ವೇಗ ಬದಲಾದಂತೆ ಅದರ ಸಂಕೇತವೂ ಬದಲಾಗುವುದನ್ನು ತೋರಿಸಿ ಪ್ರಬಂಧ ಬರೆದರು. ಇಂದು ಚುಚ್ಚುಮದ್ದೇ ಇಲ್ಲದೆ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ವಿಧಾನದ ಚರಿತ್ರೆ ಬರೆಯುವವರು ಆ ಪ್ರಬಂಧದಿಂದಲೇ ಆರಂಭಿಸುವುದುಂಟು. ನಮ್ಮಲ್ಲಿ ಸೂರ್ಯನ್ ಅವರ ಹೆಸರು ಕೇಳಿದವರು ಎಷ್ಟು ಮಂದಿಯೋ.

ಲಾಟರ್‌ಬರ್ ಅವರಿಗೆ ಹೊಳೆದದ್ದು ಜಾಗ ಹಿಡಿಯುವ ಉಪಾಯ. ಕಾಂತಬಲ ಎಲ್ಲ ಕಡೆ ಒಂದೇ ಸಮ ಇದ್ದರೆ ಉತ್ತರ ಎಲ್ಲಿಂದ ಬಂತೆಂದು ಹೇಳುವಂತಿಲ್ಲ. ಆದರೆ ಆ ಬಲ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗುವಂತೆ ಮಾಡಿದರೆ, ಹಾರ್ಮೋನಿಯಂ ಮನೆಗಳ ಹಾಗೆ ಒಂದೊಂದು ಜಾಗಕ್ಕೂ ಒಂದೊಂದು ಶ್ರುತಿ. ಶ್ರುತಿ ಕೇಳಿ ಜಾಗ ಹೇಳಬಹುದು. ಭಾರಜಲದ ನಡುವೆ ಇಟ್ಟ ಎರಡು ಸಣ್ಣ ನಳಿಗೆ ಸಾದಾ ನೀರಿನ ಚಿತ್ರವನ್ನು ಅವರು ಹೀಗೆ ತೆಗೆದರು. ‘ನೇಚರ್’ ಪತ್ರಿಕೆ ಮೊದಲು ಆ ಲೇಖನವನ್ನು ತಿರಸ್ಕರಿಸಿತು, ಅವರು ಪಟ್ಟು ಬಿಡಲಿಲ್ಲ, 1973ರ ಮಾರ್ಚ್‌ನಲ್ಲಿ ಪ್ರಕಟವಾಯಿತು.

ಇದರ ನಂತರದ ಕೆಲವು ವರ್ಷಗಳ ಕಥೆಯನ್ನು ಸಾಮಾನ್ಯವಾಗಿ ಜಗಳವಾಗಿಯೇ ಹೇಳುತ್ತಾರೆ. ಬ್ರೂಕ್ಲಿನ್ನಿನ ವೈದ್ಯ ರೇಮಂಡ್ ಡಮೇಡಿಯನ್ 1971ರ ಮಾರ್ಚ್‌ನಲ್ಲೇ ಇಲಿಗಳ ಕ್ಯಾನ್ಸರ್ ಗಡ್ಡೆ ಈ ಕಾಂತಪರೀಕ್ಷೆಯಲ್ಲಿ ಬೇರೆ ಥರ ವರ್ತಿಸುತ್ತದೆಂದು ತೋರಿಸಿದ್ದರು. 1977ರ ಜುಲೈ 3ರಂದು ‘ಇಂಡಾಮಿಟಬಲ್’ ಎಂದು ತಾವೇ ಹೆಸರಿಟ್ಟ ಯಂತ್ರದಲ್ಲಿ ತಮ್ಮ ಶಿಷ್ಯ ಲ್ಯಾರಿ ಮಿಂಕಾಫ್‌ನನ್ನು ಕೂರಿಸಿ ಎದೆಯ ಚಿತ್ರ ತೆಗೆದರು. ಸುಮಾರು ಐದು ಗಂಟೆ ಹಿಡಿಯಿತು. ಮೊದಲು ತಾವೇ ಕೂತಿದ್ದರು, ಆದರೆ ಗುರುಗಳ ಗಾತ್ರ ಯಂತ್ರಕ್ಕೆ ಒಗ್ಗಿರಲಿಲ್ಲ. 2003ರಲ್ಲಿ ನೊಬೆಲ್ ಬಂದದ್ದು ಲಾಟರ್‌ಬರ್ ಮತ್ತು ನಾಟಿಂಗ್‌ಹ್ಯಾಮಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ. ಡಮೇಡಿಯನ್ ಅಮೆರಿಕದ ದೊಡ್ಡ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು ಅನ್ಯಾಯವಾಯಿತೆಂದು ಪ್ರತಿಭಟಿಸಿದರು. ಹದಿನೈದಕ್ಕೇ ಶಾಲೆ ಬಿಟ್ಟು ಮುದ್ರಣಾಲಯ ಸೇರಿದ್ದ ಮ್ಯಾನ್ಸ್‌ಫೀಲ್ಡ್, ಚಿತ್ರವನ್ನು ಮಿಂಚಿನ ವೇಗದಲ್ಲಿ ತೆಗೆಯುವ ಗಣಿತ ಕಂಡುಹಿಡಿದವರು. ಅವರ ಪಾಲಿನ ಬಗ್ಗೆ ಅಷ್ಟೇನೂ ತಕರಾರಿರಲಿಲ್ಲ. ಯಾರು ಮೊದಲು ಎಂಬ ಈ ವಾದ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಇಲಿಯ ಗಡ್ಡೆ, ನೀರಿನ ನಳಿಗೆ, ಶಿಷ್ಯನ ಎದೆ ಯಾವುದರಿಂದಲೂ ಒಬ್ಬ ನರವೈದ್ಯನ ದಿನಚರಿ ಬದಲಾಗಿರಲಿಲ್ಲ. ಅದು ಬದಲಾದದ್ದು ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, ಮತ್ತು ಅಲ್ಲಿನವರ ಹೆಸರು ನೊಬೆಲ್ ಜಗಳದಲ್ಲಿ ಬರುವುದೇ ಇಲ್ಲ.

ಸಿಟಿಯಿಂದ ಗೆದ್ದ ಇಎಂಐ ಕಾಂತಚಿತ್ರಕ್ಕೂ ಕೈ ಹಾಕಿತ್ತು. ಹ್ಯೂ ಕ್ಲೋ ಮತ್ತು ಇಯಾನ್ ಯಂಗ್ ಎಂಬ ಎಂಜಿನಿಯರುಗಳು 1978ರಲ್ಲಿ ಮನುಷ್ಯನ ತಲೆಯ ಚಿತ್ರ ತೆಗೆದಿದ್ದರು. ಮಸುಕು ಮಸುಕಾದ ಚಿತ್ರ, ಆದರೂ ಮಿದುಳೆಂದು ಗುರುತು ಸಿಗುತ್ತಿತ್ತು. ಅಷ್ಟರಲ್ಲಿ ಇಎಂಐ ನಷ್ಟಕ್ಕೆ ಬಿದ್ದು ಥಾರ್ನ್ ಕಂಪನಿಯ ಪಾಲಾಯಿತು, ವೈದ್ಯಕೀಯ ವಿಭಾಗ ಕೈ ಬದಲಾಯಿಸಿತು. ಯಂಗ್ ಮಾತ್ರ ಯಂತ್ರದ ಜೊತೆಗೇ ಉಳಿದರು. 1981ರಲ್ಲಿ ಹ್ಯಾಮರ್‌ಸ್ಮಿತ್‌ಗೆ ಬಂದ ಯಂತ್ರದ ಹೃದಯ ಆಕ್ಸ್‌ಫರ್ಡ್ ಇನ್ಸ್‌ಟ್ರುಮೆಂಟ್ಸ್ ಕಂಪನಿ ಮಾಡಿದ ಅತಿವಾಹಕ ಕಾಂತ. ದ್ರವ ಹೀಲಿಯಂನಲ್ಲಿ ಮುಳುಗಿದ ತಂತಿಯಲ್ಲಿ ತಡೆಯೇ ಇಲ್ಲದೆ ಸುತ್ತುವ ವಿದ್ಯುತ್ತಿನಿಂದ ಅದು ಕೆಲಸ ಮಾಡುತ್ತದೆ. ಬಲ 0.15 ಟೆಸ್ಲಾ. ಭೂಮಿಯ ಕಾಂತಬಲದ ಸುಮಾರು ಮೂರು ಸಾವಿರ ಪಟ್ಟು ಎಂದರೆ ದೊಡ್ಡದೆನಿಸುತ್ತದೆ, ಆದರೆ ಇವತ್ತು ಜಿಲ್ಲಾ ಕೇಂದ್ರದ ಡಯಾಗ್ನಾಸ್ಟಿಕ್ ಸೆಂಟರಿನಲ್ಲಿರುವ 1.5 ಟೆಸ್ಲಾ ಯಂತ್ರದ ಹತ್ತರಲ್ಲೊಂದು ಪಾಲು ಅದು.

ಯಂಗ್ ಅವರ ಜೊತೆಗಾರ ನ್ಯೂಜಿಲೆಂಡಿನಿಂದ ಬಂದಿದ್ದ ವೈದ್ಯ ಗ್ರೇಮ್ ಬಿಡ್ಡರ್. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ರೋಗ ಗೊತ್ತು. ಇಬ್ಬರೂ ಸೇರಿ ರೇಡಿಯೋ ತರಂಗವನ್ನು ಯಾವಾಗ ಬಿಡಬೇಕು, ಎಷ್ಟು ಹೊತ್ತು ತಡೆದು ಕೇಳಬೇಕು ಎಂದು ಹೊಂದಿಸುತ್ತ ಹೋದರು. ಇಂದು ಎಂಆರ್‌ಐ ಎನ್ನುವ ಈ ಕಾಂತಚಿತ್ರದ ಗುಟ್ಟಿರುವುದೇ ಈ ತಡೆಯುವ ಹೊತ್ತಿನಲ್ಲಿ. ತರಂಗ ನಿಂತ ಮೇಲೆ ಪರಮಾಣು ಬೀಜಗಳು ಮೊದಲಿನ ಸ್ಥಿತಿಗೆ ಮರಳಬೇಕಷ್ಟೆ. ಕೊಬ್ಬು ಹೆಚ್ಚಿರುವ ಕಡೆ ಬೇಗ ಮರಳುತ್ತವೆ, ಸ್ವತಂತ್ರವಾಗಿ ಓಡಾಡುವ ನೀರಿರುವ ಕಡೆ ನಿಧಾನ. ಮಯಲಿನ್ ಇರುವ ಬಿಳಿ ಭಾಗ ಒಂದು ಬಣ್ಣ, ನರಕೋಶಗಳಿರುವ ಬೂದು ಭಾಗ ಇನ್ನೊಂದು ಬಣ್ಣವಾಗಿ ಬೇರ್ಪಟ್ಟು ನಿಂತವು. ಸಿಟಿಯಲ್ಲಿ ಈ ಗೆರೆ ಅಷ್ಟು ಸ್ಫುಟವಾಗಿ ಯಾರೂ ನೋಡಿರಲಿಲ್ಲ. ಗೆರೆ ಸ್ಪಷ್ಟವಾದ ಮೇಲೆ ಬಿಡ್ಡರ್ ಮತ್ತು ಸಂಗಡಿಗರ ಯೋಚನೆ ಮಯಲಿನ್ನನ್ನೇ ತಿನ್ನುವ ಕಾಯಿಲೆಯ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಕವಚ ಹೋದಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು; ಬಿಳಿಯ ನಡುವೆ ಅದು ಕಪ್ಪಗೆ ಕಾಣಲೇಬೇಕು.

ಎಂಎಸ್ ಇದ್ದ ಹತ್ತು ಮಂದಿಗೆ ಸಿಟಿಯನ್ನೂ ಹೊಸ ಸ್ಕ್ಯಾನನ್ನೂ ಮಾಡಿದರು. ಬಣ್ಣದ ಚುಚ್ಚುಮದ್ದು ಕೊಟ್ಟು ತೆಗೆದ ಸಿಟಿಯಲ್ಲಿ ಹತ್ತೂ ಜನರದು ಸೇರಿ ಕಂಡ ಕಲೆಗಳು 19. ಹೊಸ ಯಂತ್ರದಲ್ಲಿ ಆ 19ಕ್ಕೆ ಮತ್ತೆ 112 ಸೇರಿದವು. 1981ರ ನವೆಂಬರ್ 14ರ ‘ಲ್ಯಾನ್ಸೆಟ್’ ಸಂಚಿಕೆಯಲ್ಲಿ ಆ ಲೇಖನ ಬಂತು. ಅದರ ಲೇಖಕರಲ್ಲಿ ಒಬ್ಬರಾದ ನರವೈದ್ಯ ಕ್ರಿಸ್ಟೋಫರ್ ಪ್ಯಾಲಿಸ್ ಗ್ರೀಕ್ ಮೂಲದ ಮನೆತನದವರು, ಹುಟ್ಟಿದ್ದು ಮುಂಬಯಿಯಲ್ಲಿ. ಬೇರೆ ಹೆಸರಿಟ್ಟುಕೊಂಡು ಕ್ರಾಂತಿಕಾರಿ ರಾಜಕೀಯ ಲೇಖನ ಬರೆಯುತ್ತಿದ್ದರು, ಮಿದುಳಿನ ಕಾಂಡ ಸತ್ತರೆ ಮನುಷ್ಯ ಸತ್ತಂತೆಯೇ ಎಂಬ ವಿಚಾರವನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಮುಖ್ಯರಾಗಿದ್ದರು. ಅವರ ಬಗ್ಗೆಯೇ ಬೇರೆ ಲೇಖನ ಬರೆಯಬಹುದು. ಇಲ್ಲಿ ಮುಖ್ಯವಾದದ್ದು 131 ಎಂಬ ಮೊತ್ತ. ಅದುವರೆಗೆ ಬಹುಮಟ್ಟಿಗೆ ಶವಪರೀಕ್ಷೆಯ ಮೇಜಿನ ಮೇಲಷ್ಟೇ ಕಾಣುತ್ತಿದ್ದ ಕಲೆಗಳನ್ನು ಹೊತ್ತು ಹತ್ತು ಮಂದಿ ಎದ್ದು ಬಟ್ಟೆ ಹಾಕಿಕೊಂಡು ಮನೆಗೆ ಹೋಗಿದ್ದರು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಈ ವಿದ್ಯೆಯ ಮೊದಲ ಹೆಸರಿನಲ್ಲಿದ್ದ ‘ನ್ಯೂಕ್ಲಿಯರ್’ ಎಂಬ ಪದ ಕೇಳಿದರೆ ಜನ ಅಣುಬಾಂಬು ನೆನೆಯುತ್ತಾರೆಂದು ಅದನ್ನು ಹೆಸರಿನಿಂದ ತೆಗೆದುಹಾಕಿ ಎಂಆರ್‌ಐ ಎಂದರು. ಭಾರತಕ್ಕೂ ಆ ದಶಕದ ನಡುವಿನಲ್ಲೇ, ದೆಹಲಿಯ ಇನ್ಮಾಸ್ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಗೆ, ಯಂತ್ರ ಬಂತು. 1990ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಮೋಸ್ಲಿ ಅವರ ತಂಡ ಬೆಕ್ಕುಗಳಲ್ಲಿ, ರಕ್ತನಾಳ ಕಟ್ಟಿದ ಸ್ವಲ್ಪ ಹೊತ್ತಿಗೇ ನೀರಿನ ಕಣಗಳ ಓಡಾಟ ಕುಂಠಿತವಾಗುವುದನ್ನು ಎಂಆರ್‌ಐನಲ್ಲಿ ಹಿಡಿಯಿತು. ಲಕ್ವ ಹೊಡೆದವರನ್ನು ತುರ್ತು ವಿಭಾಗದಿಂದ ಎಂಆರ್‌ಐಗೆ ಒಯ್ಯುವ ಇಂದಿನ ರೂಢಿಯ ಬೇರು ಅಲ್ಲಿದೆ. ಹ್ಯಾಮರ್‌ಸ್ಮಿತ್ ತಂಡ 1992ರಲ್ಲಿ ಮಿದುಳಿನ ನೀರನ್ನು ಕಪ್ಪಾಗಿಸಿ ಕಲೆಯನ್ನಷ್ಟೇ ಬೆಳಗಿಸುವ ‘ಫ್ಲೇರ್’ ವಿಧಾನ ಕೊಟ್ಟಿತು. ಇಂದು ಮಿದುಳಿನ ಎಂಆರ್‌ಐ ಮಾಡಿಸಿಕೊಂಡವರ ಫಿಲ್ಮಿನಲ್ಲಿ ಅದರದ್ದೊಂದು ಸಾಲು ಇದ್ದೇ ಇರುತ್ತದೆ.

ಎಂಎಸ್ ಕಥೆಯ ಎರಡನೆಯ ಅಂಕ ನಡೆದದ್ದು ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ. ಅಲ್ಲಿ ಸ್ಕ್ಯಾನರಿಗೆ ದುಡ್ಡು ಕೂಡಿಸಿದ್ದು ರೋಗಿಗಳದ್ದೇ ಸಂಘವಾದ ಎಂಎಸ್ ಸೊಸೈಟಿ. ಮುಂದಾಳು ಇಯಾನ್ ಮೆಕ್‌ಡೊನಾಲ್ಡ್, ಇವರೂ ನ್ಯೂಜಿಲೆಂಡಿನವರೇ. ಎಂಆರ್‌ಐ ಬರುವ ಮುಂಚೆಯೇ, 1972ರಲ್ಲಿ, ಕಣ್ಣಿನ ನರದ ಉರಿಯೂತ ವಾಸಿಯಾದಂತೆ ಕಂಡವರಲ್ಲೂ ನೋಟದ ಸಂಕೇತ ಮಿದುಳಿಗೆ ತಡವಾಗಿ ತಲುಪುತ್ತದೆಂದು ತೋರಿಸಿದ ತಂಡದಲ್ಲಿದ್ದರು. ವಾಸಿಯಾದಂತೆ ಕಾಣುವುದಕ್ಕೂ ವಾಸಿಯಾಗುವುದಕ್ಕೂ ಇರುವ ಅಂತರ ಅವರ ಬದುಕಿನ ವಿಷಯವೇ ಆಗಿತ್ತೆನ್ನಬಹುದು. ಅವರು ಪಿಯಾನೋ ನುಡಿಸುತ್ತಿದ್ದರು. 2004ರಲ್ಲಿ ಲಕ್ವ ಹೊಡೆದು ಸ್ವರಲಿಪಿ ಓದುವ ಶಕ್ತಿ ಹೋದಾಗ, ಅದು ಹೇಗೆ ಹೋಯಿತು, ಹೇಗೆ ಮರಳಿತು ಎಂಬುದನ್ನು ತಮ್ಮನ್ನೇ ರೋಗಿಯಾಗಿಸಿಕೊಂಡು ವೈದ್ಯಪತ್ರಿಕೆಗೆ ಬರೆದರು.

ಒಂದು ಕಣ್ಣು ಮಂಜಾಯಿತೆಂದು ಬಂದ, ಬೇರಾವ ದೂರೂ ಇಲ್ಲದವರನ್ನು ಅವರ ತಂಡ ಸ್ಕ್ಯಾನಿಗೆ ಕಳಿಸಿತು. ಅರ್ಧಕ್ಕಿಂತ ಹೆಚ್ಚು ಮಂದಿಯ ಮಿದುಳಿನಲ್ಲಿ ಆಗಲೇ ಕಲೆಗಳಿದ್ದವು. ಇಂಥ ಮೊದಲ ತೊಂದರೆಯೊಂದಿಗೆ ಬಂದವರನ್ನು ಆ ಘಟಕ ಇಪ್ಪತ್ತು ವರ್ಷ ಬೆನ್ನು ಹತ್ತಿತು. 2008ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮೊದಲ ಸ್ಕ್ಯಾನಿನಲ್ಲಿ ಕಲೆ ಇದ್ದವರ ಪೈಕಿ ನೂರಕ್ಕೆ 82 ಮಂದಿಗೆ ಎಂಎಸ್ ಬಂದಿತ್ತು. ಸ್ಕ್ಯಾನ್ ಶುಭ್ರವಾಗಿದ್ದವರಲ್ಲಿ ನೂರಕ್ಕೆ 21. ಇಪ್ಪತ್ತು ವರ್ಷ ಅದೇ ಜನರನ್ನು ಬಿಡದೆ ಹಿಂಬಾಲಿಸುವ ಸಂಶೋಧನೆ ಎಷ್ಟು ಕಷ್ಟವೆಂದು ಬಲ್ಲವರು ಈ ಅಂಕಿಗಳನ್ನು ಗೌರವದಿಂದ ನೋಡುತ್ತಾರೆ.

ಕೆನಡಾದ ವ್ಯಾಂಕೂವರಿನಲ್ಲಿ ಡೊನಾಲ್ಡ್ ಪೇಟಿ ಮತ್ತು ಡೇವಿಡ್ ಲೀ ಬೇರೆ ಪ್ರಶ್ನೆ ಹಾಕಿಕೊಂಡಿದ್ದರು. ರೋಗಿ ಆರಾಮಾಗಿದ್ದಾಗ ಕಾಯಿಲೆ ಏನು ಮಾಡುತ್ತಿರುತ್ತದೆ? ಅದೇ ರೋಗಿಗಳನ್ನು ಕೆಲವು ವಾರಗಳಿಗೊಮ್ಮೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ, ಏನೂ ತೊಂದರೆಯಿಲ್ಲ ಎನ್ನುತ್ತಿದ್ದ ತಿಂಗಳುಗಳಲ್ಲೂ ಹೊಸ ಕಲೆ ಹುಟ್ಟುವುದು, ಹಳೆಯದು ಹಿಗ್ಗುವುದು, ಕುಗ್ಗುವುದು ನಡೆದೇ ಇತ್ತು. ಗಡೋಲಿನಿಯಂ ಎಂಬ ಲೋಹದ ಔಷಧ 1988ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಹೊಸ ಕಲೆ ಯಾವುದು, ಹಳೆಯದು ಯಾವುದು ಎಂಬುದೂ ಬೇರ್ಪಟ್ಟಿತು. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಒಡೆದ ಕಡೆ ಮಾತ್ರ ಅದು ಒಳಗೆ ಸೋರಿ ಬೆಳಗುತ್ತದೆ. ರೋಗಿ ಅನುಭವಿಸಿದ ಒಂದೊಂದು ದಾಳಿಗೆ ಸ್ಕ್ಯಾನಿನಲ್ಲಿ ಐದು, ಹತ್ತು ಹೊಸ ಕಲೆಗಳು ಕಾಣುತ್ತಿದ್ದವು. ಬಂದು ಹೋಗುವ ಕಾಯಿಲೆ ಎಂದು ನೂರು ವರ್ಷ ಪಾಠ ಮಾಡಿದ್ದರಲ್ಲ, ಅದು ಹೋಗುತ್ತಲೇ ಇರಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಇದೇ. ನೊಬೆಲ್ ಬಂದ ಗಣಿತಕ್ಕಿಂತಲೂ.

ಇದರ ಫಲ ಕೈಗೆ ಬಂದದ್ದು 1993ರಲ್ಲಿ. ಇಂಟರ್‌ಫೆರಾನ್ ಬೀಟಾ ಎಂಬ ಚುಚ್ಚುಮದ್ದನ್ನು ಅಮೆರಿಕ ಮತ್ತು ಕೆನಡಾದ 372 ರೋಗಿಗಳಲ್ಲಿ ಪರೀಕ್ಷಿಸಿದ್ದರು. ದಾಳಿಗಳು ಮೂರರಲ್ಲೊಂದು ಪಾಲು ಕಡಿಮೆಯಾಗಿದ್ದವು. ಆದರೆ ದಾಳಿಯ ಲೆಕ್ಕ ರೋಗಿ ಹೇಳಿದ್ದನ್ನೂ ವೈದ್ಯ ಊಹಿಸಿದ್ದನ್ನೂ ನಂಬಬೇಕಾದ ಲೆಕ್ಕ. ಚುಚ್ಚಿದ ಜಾಗ ಕೆಂಪಾಗುತ್ತಿದ್ದುದರಿಂದ ಯಾರಿಗೆ ನಿಜವಾದ ಮದ್ದು ಸಿಗುತ್ತಿದೆಯೆಂದು ಊಹಿಸುವುದೂ ಕಷ್ಟವಿರಲಿಲ್ಲ. ವ್ಯಾಂಕೂವರಿನಲ್ಲಿ ಕೂತು ಸ್ಕ್ಯಾನ್ ಅಳೆದವರಿಗೆ ಯಾರ ಮೈ ಕೆಂಪಾಗಿದೆಯೆಂದು ಗೊತ್ತಿರಲಿಲ್ಲ. ಹುಸಿಮದ್ದು ಚುಚ್ಚಿಸಿಕೊಂಡವರಲ್ಲಿ ಕಲೆಗಳ ವಿಸ್ತಾರ ವರ್ಷ ವರ್ಷವೂ ಹೆಚ್ಚಿತ್ತು, ಹೆಚ್ಚಿನ ಪ್ರಮಾಣದ ಮದ್ದು ಪಡೆದವರಲ್ಲಿ ಹೆಚ್ಚಿರಲಿಲ್ಲ. ಜುಲೈನಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು, ಎಂಎಸ್‌ನ ಗತಿಯನ್ನೇ ಬದಲಿಸುವ ಮೊದಲ ಮದ್ದಾಗಿ. ತಯಾರಾದದ್ದು ಸಾಲದೆ, ಯಾರಿಗೆ ಮೊದಲು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಬೇಕಾಯಿತು.

ಚಿತ್ರವನ್ನೇ ಪೂರ್ತಿ ನಂಬುವ ಹುಮ್ಮಸ್ಸಿಗೆ ಏಟು ಬೀಳಲೂ ತಡವಾಗಲಿಲ್ಲ. ಮಿದುಳು ತುಂಬ ಕಲೆಯಿದ್ದವರು ಕೆಲಸಕ್ಕೆ ಹೋಗುತ್ತಿದ್ದರು. ಬೆರಳೆಣಿಕೆಯ ಕಲೆಯಿದ್ದವರು ಗಾಲಿಕುರ್ಚಿಯಲ್ಲಿದ್ದರು. ಆಮ್‌ಸ್ಟರ್‌ಡ್ಯಾಮಿನ ಫ್ರೆಡೆರಿಕ್ ಬಾರ್ಕೋಫ್ ಅವರಂಥವರು ಈ ವಿರೋಧಾಭಾಸವನ್ನು ಎತ್ತಿ ಹೇಳಿದರು. ಕಾರಣಗಳು ಆಮೇಲೆ ಒಂದೊಂದಾಗಿ ಸಿಕ್ಕವು: ಕಲೆ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ, ಬೆನ್ನುಹುರಿಯ ಒಂದು ಸಣ್ಣ ಕಲೆ ಮಿದುಳಿನ ಹಲವು ಕಲೆಗಳಿಗಿಂತ ಹೆಚ್ಚು ಕಾಡಬಹುದು, ಬೂದು ಭಾಗದ ಹಾನಿ ಮಾಮೂಲಿ ಸ್ಕ್ಯಾನಿಗೆ ಕಾಣುವುದೇ ಕಡಿಮೆ.

ನಮ್ಮ ಕಡೆ ಇನ್ನೊಂದು ತೊಡಕಿತ್ತು. ಎಂಎಸ್ ಚಳಿನಾಡಿನ ಬಿಳಿಯರ ಕಾಯಿಲೆ, ಭಾರತದಲ್ಲಿ ತೀರಾ ಅಪರೂಪ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸ್ಕ್ಯಾನರುಗಳು ಹೆಚ್ಚಿದಂತೆ ರೋಗಿಗಳೂ ಹೆಚ್ಚತೊಡಗಿದರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ದಾಖಲಾತಿಯೊಂದನ್ನು ಕಟ್ಟಿ, ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇದೆಯೆಂದು ಲೆಕ್ಕ ಕೊಟ್ಟರು. ಯುರೋಪಿನ ಅಂಕಿಗಳ ಮುಂದೆ ಇದು ಸಣ್ಣದು, ಆದರೆ ಹಿಂದಿನ ಊಹೆಗಿಂತ ಎಷ್ಟೋ ಪಟ್ಟು ದೊಡ್ಡದು. ಎಂಎಸ್‌ನಂತೆಯೇ ಕಾಣುವ, ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹಿಡಿಯುವ ಎನ್‌ಎಂಒ ಎಂಬ ಬೇರೆ ಕಾಯಿಲೆಯೂ ಅವರ ಲೆಕ್ಕದಲ್ಲಿತ್ತು. ಅದರಲ್ಲಿ ಬೆನ್ನುಹುರಿಯ ಕಲೆ ಮೂರು ಅಥವಾ ಹೆಚ್ಚು ಮಣಿಮೂಳೆಗಳಷ್ಟು ಉದ್ದ ಹರಡುತ್ತದೆ. ಎಂಎಸ್‌ನಲ್ಲಿ ಸಾಮಾನ್ಯವಾಗಿ ಗಿಡ್ಡ. ಎರಡನ್ನೂ ಒಂದೇ ಎಂದುಕೊಂಡು ಎನ್‌ಎಂಒ ರೋಗಿಗೆ ಇಂಟರ್‌ಫೆರಾನ್ ಕೊಟ್ಟರೆ ಕಾಯಿಲೆ ಕೆರಳಬಹುದು. ಹಾಗಾಗಿ ಕಲೆಯ ಉದ್ದ ಅಳೆಯುವುದು ಇಲ್ಲಿ ಚಿಕಿತ್ಸೆಯ ದಾರಿಯನ್ನೇ ತಿರುಗಿಸುವ ಕೆಲಸ.

ಎಂಎಸ್ ಎಂದು ಹೇಳಲು ಎರಡನೆಯ ದಾಳಿಗೆ ಕಾಯಬೇಕಿಲ್ಲ, ಸ್ಕ್ಯಾನಿನಲ್ಲಿ ಹೊಸ ಕಲೆ ಕಂಡರೆ ಸಾಕು ಎಂಬ ನಿಯಮ 2001ರಲ್ಲಿ ಬಂತು. ಅದಕ್ಕೆ ಮೆಕ್‌ಡೊನಾಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಯಾರೂ ಯೋಜಿಸಿರಲಿಲ್ಲ. ತಲೆನೋವಿಗೋ ಬಿದ್ದ ಪೆಟ್ಟಿಗೋ ಸ್ಕ್ಯಾನ್ ಮಾಡಿಸಿಕೊಂಡ ಕೆಲವರ ಮಿದುಳಿನಲ್ಲಿ ಥೇಟು ಎಂಎಸ್ ಕಲೆಗಳೇ ಕಾಣತೊಡಗಿದವು; ಅವರಿಗೆ ಒಂದು ದಿನವೂ ಅದರ ತೊಂದರೆ ಆಗಿರಲಿಲ್ಲ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡ್ಯಾರಿನ್ ಒಕುಡ ಮತ್ತು ಸಂಗಡಿಗರು ಇದಕ್ಕೊಂದು ಹೆಸರು ಕೊಟ್ಟರು. ರೋಗವೆಂದೂ ಅನ್ನದ, ಆರೋಗ್ಯವೆಂದೂ ಅನ್ನದ ಹೆಸರು: ಚಿತ್ರದಲ್ಲಷ್ಟೇ ಇರುವ ಸ್ಥಿತಿ. 2023ರಲ್ಲಿ ಒಕುಡ ಅವರೇ, ಇಂಥವರಿಗೆ ಎಂಎಸ್ ಮಾತ್ರೆಯೊಂದನ್ನು ಕೊಟ್ಟರೆ ಮೊದಲ ದಾಳಿಯ ಸಂಭವ ಬಹಳಷ್ಟು ತಗ್ಗುತ್ತದೆ ಎಂಬ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 2025ರಲ್ಲಿ ಅಚ್ಚಾದ ಪರಿಷ್ಕೃತ ಮೆಕ್‌ಡೊನಾಲ್ಡ್ ನಿಯಮಗಳ ಪ್ರಕಾರ, ಕೆಲವು ಷರತ್ತುಗಳು ಕೂಡಿಬಂದರೆ ಒಂದೂ ಲಕ್ಷಣವಿಲ್ಲದ ಮನುಷ್ಯನನ್ನು ಎಂಎಸ್ ರೋಗಿ ಎಂದು ಬರೆಯಬಹುದು. ಆಮೇಲೆ ಅವರಿಗೆ ವರ್ಷಗಟ್ಟಲೆ ಮದ್ದು ಕೊಡಬೇಕೋ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತ ಕಾಯಬೇಕೋ ಎಂಬುದರ ಬಗ್ಗೆ ನರವೈದ್ಯರು ಇನ್ನೂ ಒಮ್ಮತಕ್ಕೆ ಬಂದಿಲ್ಲ.